ಪ್ರಿಂಟ್ ಕೊಟ್ಟ ಪ್ರತಿ ಬಿಲ್ಲೂ ಕೇಳದೆಯೇ ಒಂದೇ ಫೋಲ್ಡರಿನಲ್ಲಿ ಪಿಡಿಎಫ್ ಆಗಿ ಉಳಿಯುವಂತೆ ಮಾಡುವುದು ಹೇಗೆ?

ಕೋಲಾರದ ಟೊಮೇಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನೀವು, ರೈತರಿಗೆ ಕೊಡುವ ಬಿಲ್ಲುಗಳ ಒಂದೊಂದು ಪ್ರತಿಯೂ ಡಿ ಡ್ರೈವ್‌ನ ಒಂದು ಫೋಲ್ಡರಿನಲ್ಲಿ ಪಿಡಿಎಫ್ ಆಗಿ ತಾನಾಗಿಯೇ ಉಳಿಯಬೇಕು, ಪ್ರತಿ ಸಲ ಹೆಸರು ಮತ್ತು ಜಾಗ ಕೇಳುವ ಕಿಟಕಿ ಬರಬಾರದು ಎಂದು ಕೇಳಿದ್ದೀರಿ. ಒಂದು ಯಂತ್ರದಲ್ಲಿ ವಿಂಡೋಸ್ 10, ಇನ್ನೊಂದರಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಇದೆ ಎಂದೂ ತಿಳಿಸಿದ್ದೀರಿ. ಚಿಂತಾಮಣಿಯಲ್ಲಿ ಮಂಡಿ ಮತ್ತು ಅಂಗಡಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕಸುಬಾದ್ದರಿಂದ ಈ ಬೇಡಿಕೆ ನನಗೆ ಹೊಸದಲ್ಲ. ನೀವು ಬಯಸಿದ್ದು ಆಗುವ ಕೆಲಸವೇ. ಆದರೆ ವಿಂಡೋಸ್ ಜೊತೆಗೆ ಬರುವ ಸೌಲಭ್ಯವೊಂದನ್ನೇ ನಂಬಿಕೊಂಡರೆ ಸಾಲದು.

ವಿಂಡೋಸ್ 10 ರಿಂದ, ಅಂದರೆ 2015 ರಿಂದ, 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಎಂಬ ಪ್ರಿಂಟರ್ ವಿಂಡೋಸ್ ಜೊತೆಯಲ್ಲೇ ಬರುತ್ತಿದೆ. ಅದರ ಪ್ರಾಪರ್ಟೀಸ್ ತೆರೆದು ಪೋರ್ಟ್, ಅಂದರೆ ಪ್ರಿಂಟ್ ಕೊಟ್ಟದ್ದು ಹೊರಹೋಗುವ ದಾರಿ, ಅದರ ಪಟ್ಟಿಯನ್ನು ನೋಡಿದರೆ 'ಪೋರ್ಟ್‌ಪ್ರಾಂಪ್ಟ್' ಎಂಬ ಹೆಸರು ಕಾಣುತ್ತದೆ. ಪ್ರತಿ ಸಲವೂ ಹೆಸರು ಮತ್ತು ಜಾಗವನ್ನು ಕೇಳುವುದು ಈ ಪೋರ್ಟಿನ ಗುಣ. ಅದೇ ಡ್ರೈವರಿನ (ಪ್ರಿಂಟರನ್ನು ನಡೆಸುವ ತಂತ್ರಾಂಶದ) ಮೇಲೆ ಇನ್ನೊಂದು ಪ್ರಿಂಟರನ್ನು ಸೇರಿಸಿ, ಅದಕ್ಕೆ ಬೇರೆ ಪೋರ್ಟ್ ಕೊಟ್ಟರೆ ಕೇಳುವುದು ನಿಲ್ಲುತ್ತದೆ. ಮೊದಲು ಫೋಲ್ಡರನ್ನು ಮಾಡಿಟ್ಟುಕೊಳ್ಳಿ. ಪ್ರಿಂಟರ್ ಸೇರಿಸುವಾಗ ಪಟ್ಟಿಯಲ್ಲಿ ನನ್ನ ಪ್ರಿಂಟರ್ ಇಲ್ಲ ಎಂಬುದನ್ನು ಆರಿಸಿ, ಲೋಕಲ್ ಪ್ರಿಂಟರನ್ನು ಕೈಯಾರೆ ಸೇರಿಸುವ ದಾರಿ ಹಿಡಿದು, ಹೊಸ ಪೋರ್ಟಿನ ಬಗೆಯನ್ನು 'ಲೋಕಲ್ ಪೋರ್ಟ್' ಎಂದಿಟ್ಟು, ಹೆಸರು ಕೇಳಿದ ಜಾಗದಲ್ಲಿ ಡ್ರೈವ್, ಫೋಲ್ಡರ್ ಮತ್ತು ಫೈಲಿನ ಪೂರ್ಣ ವಿಳಾಸವನ್ನು ಕೊನೆಯ ಚುಕ್ಕೆ ಪಿಡಿಎಫ್ ಸಮೇತ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಡ್ರೈವರ್ ಕೇಳಿದಾಗ ಮೈಕ್ರೋಸಾಫ್ಟ್ ಪಟ್ಟಿಯಿಂದ ಅದೇ ಪ್ರಿಂಟ್ ಟು ಪಿಡಿಎಫ್ ಅನ್ನು ಆರಿಸಿದರೆ ಆಯಿತು.

ಅಂತರ್ಜಾಲದಲ್ಲಿ ಅನೇಕರು ಇಷ್ಟಕ್ಕೇ ಉತ್ತರ ಮುಗಿಸುತ್ತಾರೆ, ಆದರೆ ಮಂಡಿಯಂಥ ಕಡೆ ತೊಂದರೆ ಶುರುವಾಗುವುದೇ ಇಲ್ಲಿಂದ. ಪೋರ್ಟಿನಲ್ಲಿ ಬರೆದಿರುವುದು ಒಂದೇ ಫೈಲಿನ ಹೆಸರಾದ್ದರಿಂದ ಎರಡನೆಯ ಬಿಲ್ಲು ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಸಂಜೆ ಫೋಲ್ಡರ್ ತೆರೆದರೆ ದಿನದ ಕೊನೆಯ ರೈತರ ಬಿಲ್ಲು ಮಾತ್ರ ಇರುತ್ತದೆ. ನಿಮಿಷಕ್ಕೊಮ್ಮೆ ಆ ಫೈಲಿಗೆ ಹೊಸ ಹೆಸರಿಡುವ ಸಣ್ಣ ಸ್ಕ್ರಿಪ್ಟ್ ಬರೆದು ಹೊತ್ತು ಗೊತ್ತುಮಾಡಿದ ಕೆಲಸಗಳನ್ನು ತಾನಾಗಿ ನಡೆಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರಿಗೆ ಒಪ್ಪಿಸುವವರಿದ್ದಾರೆ. ಹರಾಜು ಮುಗಿದ ಕೂಡಲೇ ಬಿಲ್ಲುಗಳು ಒಂದರ ಹಿಂದೊಂದು ಬರುವಾಗ ಅದೇ ಒಂದು ನಿಮಿಷದೊಳಗೆ ಎರಡು ಮೂರು ಬಿಲ್ಲುಗಳು ಮುಗಿದಿರುತ್ತವೆಯಾದ್ದರಿಂದ ಲೆಕ್ಕದ ಕೆಲಸಕ್ಕೆ ಈ ಉಪಾಯವನ್ನು ನಾನು ಒಪ್ಪುವುದಿಲ್ಲ.

ನಿಮಗೆ ಸರಿಹೊಂದುವುದು ಪಿಡಿಎಫ್‌ಕ್ರಿಯೇಟರ್‌ನಂಥ ತಂತ್ರಾಂಶ. ಅದರ ಪ್ರೊಫೈಲಿನಲ್ಲಿ ತಾನಾಗಿ ಉಳಿಸುವ ಆಯ್ಕೆಯನ್ನು ಹಾಕಿ, ಗುರಿಯ ಫೋಲ್ಡರನ್ನು ತೋರಿಸಿ, ಫೈಲಿನ ಹೆಸರಿಗೆ ದಿನಾಂಕ ಮತ್ತು ಸಮಯದ ಟೋಕನ್‌ಗಳನ್ನು, ಅಂದರೆ ಆಯಾ ಹೊತ್ತಿನ ವಿವರ ತಾನಾಗಿ ತುಂಬಿಕೊಳ್ಳುವ ಗುರುತುಗಳನ್ನು, ಜೋಡಿಸಬಹುದು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ಇಡಿ. ಆಗ ಹೆಸರಿನ ಪ್ರಕಾರ ಜೋಡಿಸಿದರೂ ಬಿಲ್ಲುಗಳು ಕಾಲಕ್ರಮದಲ್ಲೇ ನಿಲ್ಲುತ್ತವೆ. ಒಂದೇ ಹೆಸರು ಎರಡು ಸಲ ಬಂದರೆ ಹಳೆಯದನ್ನು ಅಳಿಸದೆ ಬೇರೆ ಹೆಸರು ಕೊಡುವ ಆಯ್ಕೆಯೂ ಅದರಲ್ಲಿದೆ, ಅದನ್ನು ಮರೆಯದೆ ಹಾಕಿರಿ. ವ್ಯಾಪಾರದ ಬಳಕೆಗೆ ಉಚಿತ ಆವೃತ್ತಿ ಸಲ್ಲುತ್ತದೆಯೇ ಎಂಬುದನ್ನು ಅವರ ಪರವಾನಗಿಯ ಷರತ್ತುಗಳಲ್ಲಿ ಓದಿಕೊಂಡೇ ಇನ್‌ಸ್ಟಾಲ್ ಮಾಡಿ.

ರೈತರ ಕೈಗೆ ಕಾಗದವೂ ಬೇಕು, ನಿಮಗೆ ಫೈಲೂ ಬೇಕು. ಇದಕ್ಕಾಗಿ ಕೆಲವರು ವಿಂಡೋಸಿನ 'ಪ್ರಿಂಟರ್ ಪೂಲಿಂಗ್' ಹಾಕಲು ಹೇಳುತ್ತಾರೆ. ಅದು ಎರಡು ಪ್ರಿಂಟರುಗಳ ಪೈಕಿ ಬಿಡುವಾಗಿರುವ ಒಂದಕ್ಕೆ ಕೆಲಸವನ್ನು ಕಳಿಸುತ್ತದೆಯೇ ಹೊರತು ಎರಡಕ್ಕೂ ಕಳಿಸುವುದಿಲ್ಲ. ಪಿಡಿಎಫ್‌ಕ್ರಿಯೇಟರಿನಲ್ಲಿ ಫೈಲ್ ಉಳಿಸಿದ ನಂತರ ನಿಜವಾದ ಪ್ರಿಂಟರಿಗೂ ಕಳಿಸುವಂತೆ ಹೇಳಬಹುದಾದ್ದರಿಂದ ಒಂದೇ ಸಲ ಪ್ರಿಂಟ್ ಕೊಟ್ಟರೆ ಎರಡೂ ಆಗುತ್ತವೆ.

ನಿಮ್ಮಲ್ಲಿರುವುದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಆಗಿದ್ದರೆ ಮೊದಲು ಒಂದು ವಿಷಯವನ್ನು ಪರೀಕ್ಷಿಸಿ. ಹಳೆಯ ಕಾಲದ ಬಿಲ್ಲಿಂಗ್ ತಂತ್ರಾಂಶಗಳು ವಿಂಡೋಸಿನ ಡ್ರೈವರನ್ನು ಬಳಸದೆ ಅಕ್ಷರಗಳನ್ನು ನೇರವಾಗಿ ಪ್ರಿಂಟರಿನ ಪೋರ್ಟಿಗೆ ಕಳಿಸುತ್ತವೆ; ಅಂಥದರಲ್ಲಿ ಮೇಲಿನ ಯಾವ ಉಪಾಯವೂ ನಡೆಯುವುದಿಲ್ಲ. ನೋಟ್‌ಪ್ಯಾಡಿನಿಂದ ಪಿಡಿಎಫ್ ಬರುತ್ತಿದ್ದು ಬಿಲ್ಲಿಂಗ್‌ನಿಂದ ಬಾರದಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶವನ್ನು ಬಳಸುತ್ತಿದ್ದರೆ ಈ ಗೋಜೇ ಬೇಡ, ಅದರ ಎಕ್ಸ್‌ಪೋರ್ಟ್‌ನಲ್ಲೇ ಪಿಡಿಎಫ್ ರೂಪವನ್ನೂ ಫೋಲ್ಡರನ್ನೂ ಆರಿಸಬಹುದು. ಇನ್ನು, ಬಿಲ್ಲಿನಲ್ಲಿ ರೈತರ ಹೆಸರನ್ನು ಯೂನಿಕೋಡ್ (ಎಲ್ಲೆಡೆ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬರೆಯುತ್ತಿದ್ದರೆ, ಪಿಡಿಎಫ್ ಕಣ್ಣಿಗೆ ಸರಿಯಾಗಿ ಕಂಡರೂ ಅದರೊಳಗೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಆದ್ದರಿಂದ ಬಿಲ್ಲಿನ ಸಂಖ್ಯೆ ಫೈಲಿನ ಹೆಸರಿನಲ್ಲೇ ಬರುವಂತಿದ್ದರೆ ಒಳ್ಳೆಯದು. ತಂತ್ರಾಂಶವು ಪ್ರಿಂಟ್ ಕೆಲಸದ ಶೀರ್ಷಿಕೆಯಲ್ಲಿ ಆ ಸಂಖ್ಯೆಯನ್ನು ಕಳಿಸುತ್ತಿದ್ದರೆ ಶೀರ್ಷಿಕೆಯ ಟೋಕನ್ ಸೇರಿಸಿದರೆ ಸಾಕು.

ಉಬುಂಟು ಯಂತ್ರದಲ್ಲಿ ಕೆಲಸ ಹಗುರ. ಕಪ್ಸ್-ಪಿಡಿಎಫ್ ಎಂಬ, ಪಿಡಿಎಫ್ ಮಾಡುವ ಪ್ರಿಂಟರನ್ನು ಸೇರಿಸುವ ಪ್ಯಾಕೇಜನ್ನು ಹಾಕಿದರೆ, ಪ್ರಿಂಟ್ ಕೊಟ್ಟದ್ದೆಲ್ಲ ನಿಮ್ಮ ಹೋಮ್ ಫೋಲ್ಡರಿನೊಳಗಿನ ಪಿಡಿಎಫ್ ಎಂಬ ಫೋಲ್ಡರಿಗೆ ಕೇಳದೆಯೇ ಹೋಗುತ್ತದೆ. ಅದರ ಸಂರಚನಾ ಕಡತದಲ್ಲಿ 'ಔಟ್' ಎಂಬ ಸಾಲನ್ನು ಬದಲಿಸಿದರೆ ಜಾಗ ಬದಲಾಗುತ್ತದೆ. 'ಲೇಬಲ್' ಎಂಬ ಸಾಲಿಗೆ 1 ಎಂದು ಕೊಟ್ಟರೆ ಪ್ರತಿ ಫೈಲಿನ ಹೆಸರಿನ ಆರಂಭದಲ್ಲಿ ಪ್ರಿಂಟ್ ಕೆಲಸದ ಸಂಖ್ಯೆ ಸೇರಿಕೊಂಡು ಹಳೆಯ ಫೈಲುಗಳು ಉಳಿಯುತ್ತವೆ. ಜಾಗ ಬದಲಿಸಿದ ಮೇಲೆ ಫೈಲುಗಳೇ ಕಾಣದಿದ್ದರೆ ಆಪ್‌ಆರ್ಮರ್ ಎಂಬ ರಕ್ಷಣಾ ವ್ಯವಸ್ಥೆ ತಡೆದಿರುವ ಸಾಧ್ಯತೆಯೇ ಹೆಚ್ಚು, ಹೊಸ ಫೋಲ್ಡರಿಗೆ ಅದರ ನಿಯಮಗಳಲ್ಲೂ ಅನುಮತಿ ಕೊಡಬೇಕಾಗುತ್ತದೆ.