ಕಂಬದ ಮೇಲಿನ ಹದ್ದು ಕಾರು ನಿಲ್ಲಿಸಿದ ಕೂಡಲೇ ಹಾರಿಹೋಗುತ್ತದೆ, ಫೋಟೊ ತೆಗೆಯುವುದು ಹೇಗೆ?

ಇನ್ನೂ ಉದ್ದದ ಲೆನ್ಸ್ ಕೊಂಡರೆ ಸರಿಹೋದೀತೇ ಎಂದೂ ಕೇಳಿದ್ದೀರಿ. ಕೈಯಲ್ಲಿ 400 ಮಿಲಿಮೀಟರ್ ಲೆನ್ಸ್ ಇದ್ದರೆ ಸದ್ಯಕ್ಕೆ ಧಾರಾಳ. ದುಡ್ಡು ಸುರಿಯುವ ಮೊದಲು ಕಾರು ನಿಲ್ಲಿಸುವ ರೀತಿ ಬದಲಿಸಿ ನೋಡಿ.

ರಸ್ತೆ ಬದಿಯಲ್ಲಿ ಬೇಟೆಗೆ ಕಾದು ಕೂರುವ ಹಕ್ಕಿಗೆ ಹಾದುಹೋಗುವ ವಾಹನ ಲೆಕ್ಕಕ್ಕಿಲ್ಲ. ವೇಗ ಥಟ್ಟನೆ ಇಳಿದಾಗ, ಬಾಗಿಲು ತೆರೆದಾಗ, ಮನುಷ್ಯಾಕೃತಿ ಹೊರಬಂದಾಗ ಅದು ಬೆದರುತ್ತದೆ. ಹಾಗಾಗಿ ನಾನು ಹಕ್ಕಿ ಕಂಡಲ್ಲಿ ಬ್ರೇಕ್ ಒತ್ತುವುದೇ ಇಲ್ಲ. ಅದೇ ವೇಗದಲ್ಲಿ ಸಾಗಿ, ತಿರುಗಿಸಲು ಸುರಕ್ಷಿತ ಜಾಗ ಸಿಕ್ಕಲ್ಲಿ ನಿಂತು, ಕ್ಯಾಮೆರಾ ಹೊಂದಿಸಿ, ಕಿಟಕಿಯ ಗಾಜು ಪೂರ್ತಿ ಇಳಿಸಿಕೊಂಡು ವಾಪಸು ಬರುತ್ತೇನೆ. ಸೂರ್ಯ ನಮ್ಮ ಬೆನ್ನಿಗಿರುವಂತೆ ಬರುವುದು ಮೇಲು. ಆಮೇಲೆ ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಸರಿದು, ಗಾಡಿಯನ್ನು ಮೆಲ್ಲಗೆ ಉರುಳಲು ಬಿಟ್ಟು ನಿಲ್ಲಿಸಬೇಕು. ತಿರುವಿನಲ್ಲಾಗಲಿ ಸೇತುವೆಯ ಮೇಲಾಗಲಿ ಎಂಥ ಅಪರೂಪದ ಹಕ್ಕಿ ಕೂತಿದ್ದರೂ ನಿಲ್ಲಬೇಡಿ. ಚಾಲನೆಗೆ ಒಬ್ಬರು, ಕ್ಯಾಮೆರಾಗೆ ಇನ್ನೊಬ್ಬರು ಇದ್ದರೆ ಅರ್ಧ ತಲೆನೋವು ಕಡಿಮೆ.

ನಿಂತ ಮೇಲೆ ಎಂಜಿನ್ ಆರಿಸಿ, ಅದರ ನಡುಕ ಚಿತ್ರವನ್ನು ಮಸುಕಾಗಿಸುತ್ತದೆ. ಕಾಳು ತುಂಬಿದ ಬಟ್ಟೆಯ ಚೀಲವೊಂದನ್ನು ಕಿಟಕಿಯ ಅಂಚಿಗೆ ಹಾಕಿ ಲೆನ್ಸ್ ಊರಿದರೆ ಟ್ರೈಪಾಡಿನ ಹಂಗಿಲ್ಲ. ಬಾನೆಟ್ಟಿನ ಮೇಲಿಂದ ಗುರಿಯಿಡಬೇಡಿ: ಅಲ್ಲಿಂದ ಏಳುವ ಬಿಸಿಗಾಳಿಯಲ್ಲಿ ಪುಕ್ಕದ ಗೆರೆಗಳೆಲ್ಲ ಕಲಸಿಹೋಗುತ್ತವೆ, ಎಷ್ಟು ಬೆಲೆಯ ಲೆನ್ಸ್ ಆದರೂ ಅಷ್ಟೆ. ಚಳಿಯಲ್ಲಿ ಹೀಟರ್ ಹಾಕಿಕೊಂಡು ಕಿಟಕಿ ತೆರೆದರೂ ಇದೇ ಪಾಡು.

ಇನ್ನು ಹಕ್ಕಿಯ ಮೈಯನ್ನು ಓದಬೇಕು. ನನಗೆ ಇದು ಕ್ಯಾಮೆರಾಗಿಂತ ಹೆಚ್ಚು ಕುತೂಹಲದ ವಿಷಯ. ಪುಕ್ಕ ಉಬ್ಬಿಸಿಕೊಂಡು ಒಂದು ಕಾಲನ್ನು ಹೊಟ್ಟೆಯೊಳಗೆ ಮಡಚಿಕೊಂಡಿದ್ದರೆ ಅದು ಆರಾಮವಾಗಿದೆ. ಪುಕ್ಕವೆಲ್ಲ ಮೈಗೆ ಅಂಟಿ, ಕತ್ತು ನೀಳವಾಗಿ, ದೃಷ್ಟಿ ನಿಮ್ಮ ಮೇಲೆಯೇ ನೆಟ್ಟಿದ್ದರೆ ಇನ್ನೊಂದು ಗೇಣೂ ಮುಂದೆ ಹೋಗಬೇಡಿ. ಹಾರುವ ಮುನ್ನ ಅದು ಮುಂದಕ್ಕೆ ಬಾಗುತ್ತದೆ, ಎಷ್ಟೋ ಸಲ ಪಿಚಕ್ಕನೆ ಹಿಕ್ಕೆ ಹಾಕುತ್ತದೆ. ಬಿಳಿ ಗೆರೆ ಕೆಳಗಿಳಿದದ್ದು ಕಂಡಿತೆಂದರೆ ಬೆರಳು ಶಟರ್ ಮೇಲಿರಲಿ. ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುವುದರಿಂದ, ಗಾಳಿ ಬೀಸಿಬರುವ ದಿಕ್ಕಿನ ಕಡೆ ಚೌಕಟ್ಟಿನಲ್ಲಿ ಜಾಗ ಬಿಟ್ಟುಕೊಂಡಿರಿ. ಹಾರಾಟಕ್ಕೆ ಶಟರ್ ವೇಗ 1/2000 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಬೇಕು, ಕೂತ ಹಕ್ಕಿಗೆ 1/500 ನಡೆಯುತ್ತದೆ. ಹಿನ್ನೆಲೆಯಲ್ಲಿ ಬರೀ ಬಿಳಿ ಆಕಾಶವಿದ್ದರೆ ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕನ್ನು) ಸುಮಾರು ಒಂದು ಸ್ಟಾಪ್, ಅಂದರೆ ಎರಡು ಪಟ್ಟಿಗೆ, ಏರಿಸಿ, ಇಲ್ಲದಿದ್ದರೆ ಹದ್ದು ಹೋಗಿ ಕರಿ ನೆರಳಷ್ಟೇ ಸಿಗುತ್ತದೆ.

ಹಾರುವ ಚಿತ್ರದ ಆಸೆಗೆ ಹಾರ್ನ್ ಒತ್ತಿ ಎಬ್ಬಿಸುವವರಿದ್ದಾರೆ. ಗಾಬರಿಬಿದ್ದ ಹಕ್ಕಿ ನಿಮಗೆ ಬೆನ್ನು ತಿರುಗಿಸಿಯೇ ಹಾರುತ್ತದೆ, ಚಿತ್ರದಲ್ಲಿ ಸಿಗುವುದು ಅದರ ಬಾಲ! ಮಾಂಸ ಎಸೆದು ಕರೆಯುವುದಂತೂ ಬೇಡವೇ ಬೇಡ. ರಸ್ತೆಗೆ ಇಳಿಯುವ ಚಾಳಿ ಹತ್ತಿದ ಹಕ್ಕಿ ಮುಂದೆ ಯಾವುದೋ ಲಾರಿಗೆ ಸಿಕ್ಕೀತು. ನೀವು ನಿಂತಾಗ ಹಕ್ಕಿ ದೂರ ಹೋಗದೆ ತಲೆಯ ಮೇಲೇ ಸುತ್ತುತ್ತ ಬಿಡದೆ ಕೂಗುತ್ತಿದ್ದರೆ ಹತ್ತಿರದಲ್ಲಿ ಗೂಡಿರಬಹುದು. ಕೂಡಲೇ ಹೊರಟುಬಿಡಿ, ಆ ಚಿತ್ರಗಳನ್ನು ಹಾಕುವಾಗ ಸ್ಥಳದ ಹೆಸರು ಬರೆಯಬೇಡಿ.