ಹಾಲಿ ಶಾಸಕರ ಎದುರು ನಿಲ್ಲುವವರು ಎಲ್ಲಿಂದ ಶುರು ಮಾಡಬೇಕು?

ಮಾನ್ಯರೇ,

ರಾಯಚೂರು ಜಿಲ್ಲೆಯಿಂದ ನೀವು ಬರೆದ ಪತ್ರದ ಸಾರ ಇಷ್ಟು: ರೈತ ಹೋರಾಟದಲ್ಲಿ ಓಡಾಡುವ ನಿಮ್ಮ ತಮ್ಮ 2028ರ ವಿಧಾನಸಭೆ ಚುನಾವಣೆಗೆ ಪಕ್ಷೇತರನಾಗಿ ನಿಲ್ಲುತ್ತೇನೆ ಅಂತಿದ್ದಾನೆ. ಎದುರಿಗಿರುವವರು ಎರಡು ಸಲ ಗೆದ್ದ ಶಾಸಕರು, ಮದುವೆ ಮಣ್ಣು ಒಂದನ್ನೂ ತಪ್ಪಿಸದವರು. ‘ಠೇವಣಿ ಕಳಕೊಳ್ಳಲಿಕ್ಕೆ ನಾಲ್ಕೆಕರೆ ಹೊಲ ಮಾರಬೇಕೇ?’ ಅಂತ ಕೇಳಿದ್ದೀರಿ.

ಹೊಲ ಮಾರಬೇಡಿ. ತಮ್ಮನನ್ನು ತಡೆಯಲೂಬೇಡಿ.

ನಮ್ಮ ಭಾಗದಲ್ಲಿ ಜನಪ್ರಿಯರು ಸೋಲುವುದೇ ಇಲ್ಲ ಅನ್ನುವಂತಿಲ್ಲ. ಕುಷ್ಟಗಿಯಲ್ಲಿ 2013, 2018, 2023 ಮೂರೂ ಸಲ ಹಾಲಿ ಶಾಸಕರು ಮನೆಗೆ ಹೋದರು. ದೇವದುರ್ಗದಲ್ಲಿ 2023ರಲ್ಲಿ ಕರೆಮ್ಮ ನಾಯಕ ಅವರು ಹಾಲಿ ಶಾಸಕ ಶಿವನಗೌಡ ನಾಯಕರನ್ನು 34 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆದರೆ ನಿಮ್ಮ ತಮ್ಮ ಕೂತು ಓದಬೇಕಾದದ್ದು ಮಸ್ಕಿಯ ಲೆಕ್ಕ. 2018ರಲ್ಲಿ ಬಸನಗೌಡ ತುರ್ವಿಹಾಳ ಅಲ್ಲಿ ಸೋತದ್ದು 213 ಮತಗಳಿಂದ. ಒಂದು ಕ್ಷೇತ್ರದಲ್ಲಿ ಇನ್ನೂರರ ಮೇಲೆ ಮತಗಟ್ಟೆಗಳಿರುತ್ತವೆ, ಅಂದರೆ ಬೂತಿಗೆ ಒಂದು ಮತದ ಸೋಲು. ಅವರು ಹೈಕೋರ್ಟಿಗೆ ಹೋದರು, ಕ್ಷೇತ್ರವನ್ನೂ ಬಿಡಲಿಲ್ಲ. ಗೆದ್ದ ಪ್ರತಾಪಗೌಡ ಪಾಟೀಲರು ರಾಜೀನಾಮೆ ಕೊಟ್ಟು ಪಕ್ಷ ಬದಲಿಸಿದ ಮೇಲೆ, 2021ರ ಏಪ್ರಿಲ್ ಉಪಚುನಾವಣೆಯಲ್ಲಿ ತುರ್ವಿಹಾಳ 30,606 ಮತಗಳಿಂದ ಗೆದ್ದರು. ಆಗ ಆಡಳಿತ ಪಕ್ಷದ ಬಲವೆಲ್ಲ ಎದುರಿಗಿತ್ತು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದು ಅದೇ ಕ್ಷೇತ್ರದಲ್ಲಿ. ನೀರಿನ ಸಿಟ್ಟು ಮದುವೆ ಮುಯ್ಯಿಯಿಂದ ತಣಿಯುವುದಿಲ್ಲ.

ಕರೆಮ್ಮ, ತುರ್ವಿಹಾಳ ಇಬ್ಬರಿಗೂ ಪಕ್ಷದ ಚಿಹ್ನೆ ಇತ್ತು ಅನ್ನುವುದನ್ನು ಮರೆಯಬಾರದು. 2023ರಲ್ಲಿ 224 ಸ್ಥಾನಗಳ ಪೈಕಿ ಪಕ್ಷೇತರರು ಗೆದ್ದದ್ದು ಎರಡೇ ಕಡೆ. ಅದರಲ್ಲೊಂದು ನಮ್ಮ ಪಕ್ಕದ ಹರಪನಹಳ್ಳಿ. ಅಲ್ಲಿ ಹಾಲಿ ಶಾಸಕ ಕರುಣಾಕರ ರೆಡ್ಡಿಯವರನ್ನು ಸೋಲಿಸಿದ ಲತಾ ಮಲ್ಲಿಕಾರ್ಜುನ, ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶರ ಮಗಳು. ಹೆಸರು ಮೊದಲೇ ಮನೆಮನೆಗೆ ಗೊತ್ತಿತ್ತು. ನಿಮ್ಮ ತಮ್ಮನಿಗೆ ಆ ಅನುಕೂಲ ಇಲ್ಲ. ಪಕ್ಷೇತರನಿಗೆ ಚಿಹ್ನೆ ಸಿಗುವುದು ನಾಮಪತ್ರ ವಾಪಸಿನ ಗಡುವು ಮುಗಿದ ಮೇಲೆ, ಮತದಾನಕ್ಕೆ ಸುಮಾರು ಎರಡು ವಾರ ಇರುವಾಗ. ಮತಯಂತ್ರದಲ್ಲಿ ಹೆಸರು ಪಕ್ಷದವರದೆಲ್ಲ ಮುಗಿದ ಮೇಲೆ, ಕೆಳಗೆ. ಎರಡು ವಾರದಲ್ಲಿ ಚಿಹ್ನೆಯನ್ನು ಪರಿಚಯಿಸಬಹುದು, ಮನುಷ್ಯನನ್ನು ಪರಿಚಯಿಸಲಾಗದು. ಆ ಕೆಲಸ ಈಗಿನಿಂದಲೇ ಆಗಬೇಕು.

ಶುರು ಮಾಡಬೇಕಾದದ್ದು ಮತದಾರರ ಪಟ್ಟಿಯಿಂದ. ರಾಯಚೂರು, ಕೊಪ್ಪಳದ ತಾಂಡಾಗಳಿಂದ, ಕೇರಿಗಳಿಂದ ಜನ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ಪರಿಷ್ಕರಣೆಯ ಹೊತ್ತಿಗೆ ಬೀಗ ಹಾಕಿದ ಮನೆ ಕಂಡರೆ ‘ಸ್ಥಳಾಂತರ’ ಅಂತ ಬರೆದು ಹೆಸರು ತೆಗೆಯುವ ಅಪಾಯ ಇದೆ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಆ ಊರಿನ ನಿವಾಸಿ ಅಲ್ಲವೆಂದಾಗುವುದಿಲ್ಲ. 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕರಡು ಪಟ್ಟಿ ಬಂದ ಕೂಡಲೇ ಬೂತುವಾರು ತೆಗೆದುಕೊಂಡು, ಊರಿನ ಇಬ್ಬರು ಹಿರಿಯರನ್ನು ಕೂರಿಸಿ, ಹೆಸರು ಹೆಸರಾಗಿ ಓದಬೇಕು. ಬಿಟ್ಟುಹೋದವರಿಗೆ ನಮೂನೆ 6, ತಿದ್ದುಪಡಿಗೆ ನಮೂನೆ 8. ಸೇರ್ಪಡೆಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು. ಹದಿನೆಂಟು ತುಂಬಿದ ಹುಡುಗರನ್ನು ಆಗಾಗಲೇ ಸೇರಿಸಬಹುದು. ಹಾಲಿ ಶಾಸಕರ ಕಡೆಯವರು ಈ ಕೆಲಸಕ್ಕೆ ಜನ ಇಟ್ಟಿರುತ್ತಾರೆ. ಸವಾಲು ಹಾಕುವವರು ಬ್ಯಾನರ್ ಕಟ್ಟುತ್ತ ಇದನ್ನು ಮರೆಯುತ್ತಾರೆ. ನನ್ನ ಪ್ರಕಾರ ಅರ್ಧ ಸೋಲು ಇಲ್ಲೇ.

ನಾಮಪತ್ರ ತಿರಸ್ಕೃತವಾಗುವುದು ಸಣ್ಣ ತಪ್ಪುಗಳಿಂದ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ (ಹೆಸರು ಸೂಚಿಸಿ ಸಹಿ ಹಾಕುವವರು) ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು, ಪಟ್ಟಿಯ ಭಾಗಸಂಖ್ಯೆ, ಕ್ರಮಸಂಖ್ಯೆ ಸರಿಯಿರಬೇಕು. ಒಬ್ಬರ ಸಹಿ ಅಸಿಂಧುವಾದರೂ ಆ ನಾಮಪತ್ರ ನಿಲ್ಲದು. ನಾಲ್ಕು ಪ್ರತಿ ಸಲ್ಲಿಸಲು ಅವಕಾಶವಿದೆ, ಬೇರೆ ಬೇರೆ ಸೂಚಕರಿಂದ ಎರಡಾದರೂ ಸಲ್ಲಿಸಲಿ. ಆಸ್ತಿ, ಸಾಲ, ಪ್ರಕರಣಗಳ ವಿವರ ಕೊಡುವ ನಮೂನೆ 26ರ ಅಫಿಡವಿಟ್‌ನಲ್ಲಿ ಒಂದು ಕಾಲಮ್ಮನ್ನೂ ಖಾಲಿ ಬಿಡಬಾರದು, ಇಲ್ಲದ ಕಡೆ ‘ಇಲ್ಲ’ ಎಂದೇ ಬರೆಯಬೇಕು. ಠೇವಣಿ ಹತ್ತು ಸಾವಿರ, ಪರಿಶಿಷ್ಟ ಜಾತಿ, ಪಂಗಡದವರಿಗೆ ಐದು ಸಾವಿರ; ನಗದಾಗಿಯೋ ಖಜಾನೆಗೆ ಕಟ್ಟಿದ ರಸೀದಿಯಾಗಿಯೋ ಕೊಡಬೇಕು, ಚೆಕ್ ನಡೆಯದು. ನಾಮಪತ್ರ ಕೊಟ್ಟ ಮೇಲೆ ಪ್ರತಿಜ್ಞಾವಿಧಿ ಸ್ವೀಕರಿಸಬೇಕು. ಪರಿಶೀಲನೆಯ ಹಿಂದಿನ ದಿನದೊಳಗೆ ಅದು ಮುಗಿದಿರಬೇಕು. ಕೊನೆಯ ದಿನ ಮೂರು ಗಂಟೆಯ ಗಡುವಿಗೆ ಐದು ನಿಮಿಷ ಇರುವಾಗ ಓಡಿಹೋಗುವವರು ಇದನ್ನೇ ಮರೆಯುವುದು.

ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರಬೇಕು. ಒಂದೂವರೆ ಲಕ್ಷ ಸಿಂಧು ಮತ ಬಿದ್ದರೆ 25 ಸಾವಿರ ದಾಟಬೇಕು. ನೋಟಾ ಈ ಲೆಕ್ಕಕ್ಕೆ ಸೇರುವುದಿಲ್ಲ.

ಖರ್ಚಿನ ಮಿತಿ 2023ರಲ್ಲಿ 40 ಲಕ್ಷ ಇತ್ತು. ಅದು ಗರಿಷ್ಠ ಮಿತಿ, ಅಷ್ಟು ಖರ್ಚು ಮಾಡಲೇಬೇಕೆಂದಿಲ್ಲ. ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು ಎಲ್ಲ ಖರ್ಚನ್ನೂ ಅದರ ಮೂಲಕವೇ ಮಾಡಬೇಕು. ಹಣ ಕಡಿಮೆ ಇದ್ದರೆ ಧ್ವನಿವರ್ಧಕದ ಗಾಡಿ ಎರಡು ಸಾಕು. ಉಳಿದದ್ದು ಬೂತ್ ಏಜೆಂಟರ ಓಡಾಟಕ್ಕೆ, ಊಟಕ್ಕೆ, ತರಬೇತಿಗೆ ಹೋಗಲಿ.

ಯಾಕೆಂದರೆ ಮತದಾನದ ದಿನ ಏಜೆಂಟ್ ಇಲ್ಲದ ಬೂತಿನಲ್ಲಿ ನಿಮ್ಮವರ ಕಣ್ಣೇ ಇರುವುದಿಲ್ಲ. ಅವರು ಮತದಾನ ಶುರುವಾಗುವ ಒಂದೂವರೆ ಗಂಟೆ ಮೊದಲೇ, ಅಣಕು ಮತದಾನಕ್ಕೆ ಹಾಜರಿರಬೇಕು. ಕನಿಷ್ಠ 50 ಮತ ಒತ್ತಿ, ಎಣಿಸಿ, ಯಂತ್ರದಿಂದ ಅಳಿಸಿ, ವಿವಿಪ್ಯಾಟ್ ಚೀಟಿ ತೆಗೆದದ್ದನ್ನು ನೋಡಬೇಕು. ಅಳಿಸುವುದು ಮರೆತುಹೋದರೆ ಎಣಿಕೆಯ ದಿನ ಆ ಯಂತ್ರದ ಲೆಕ್ಕ ತಾಳೆಯಾಗದು. ಸಂಜೆ ನಮೂನೆ 17ಸಿ ಪ್ರತಿ ಪಡೆಯದೆ ಬೂತ್ ಬಿಡಬಾರದು. ಅದರಲ್ಲಿ ಬಿದ್ದ ಒಟ್ಟು ಮತಗಳ ಸಂಖ್ಯೆ ಇರುತ್ತದೆ. ಎಣಿಕೆ ಟೇಬಲ್ಲಿನಲ್ಲಿ ಕೂತವರು ತಾಳೆ ನೋಡಲು ಅದೊಂದೇ ಆಧಾರ. 213ರಂಥ ಅಂತರ ಬಂದಾಗ ಇದರ ಬೆಲೆ ತಿಳಿಯುತ್ತದೆ.

ಮರುಎಣಿಕೆ ಬೇಕಿದ್ದರೆ ಒಟ್ಟು ಮತ ಪ್ರಕಟಿಸಿದ ಕೂಡಲೇ, ಫಲಿತಾಂಶ ಘೋಷಿಸುವ ಮೊದಲು, ಕಾರಣ ಸಹಿತ ಲಿಖಿತವಾಗಿ ಕೇಳಬೇಕು. ಫಲಿತಾಂಶ ಪ್ರಶ್ನಿಸಿ ಹೈಕೋರ್ಟಿಗೆ ಹೋಗಲು 45 ದಿನ. ಸೋತರೂ ಗೆದ್ದರೂ 30 ದಿನದೊಳಗೆ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಬೇಸರದಿಂದ ಅದನ್ನು ಬಿಟ್ಟರೆ ಮೂರು ವರ್ಷ ಅನರ್ಹತೆ ಬರಬಹುದು; ಮುಂದಿನ ಸಲ ನಿಲ್ಲುವ ಮನಸ್ಸಿದ್ದವರಿಗೆ ಅದು ದೊಡ್ಡ ನಷ್ಟ.