ತಲೆಗೆ ಪದೇ ಪದೇ ಬಿದ್ದ ಪೆಟ್ಟು: ಮಗನ ಮಿದುಳಿನ ಚಿಂತೆ

ಪ್ರಶ್ನೆ: ನಾವು ಗದಗ ಜಿಲ್ಲೆಯ ಕಡೆಯವರು, ಮೂವತ್ತು ವರ್ಷಗಳಿಂದ ಗೋವಾದ ವಾಸ್ಕೋದಲ್ಲಿದ್ದೇವೆ. ನನ್ನ 26 ವರ್ಷದ ಮಗ ಹನ್ನೆರಡನೆಯ ವಯಸ್ಸಿನಿಂದ ಫುಟ್‌ಬಾಲ್ ಆಡುತ್ತಿದ್ದಾನೆ. ಡಿಫೆಂಡರ್ ಆದ್ದರಿಂದ ಎತ್ತರದಲ್ಲಿ ಬರುವ ಚೆಂಡನ್ನು ತಲೆಯಿಂದಲೇ ಹೊಡೆಯುತ್ತಾನೆ. ಎರಡು ಸಲ ಎದುರಾಳಿಯ ತಲೆಗೆ ಡಿಕ್ಕಿಯಾಗಿ, ಕಣ್ಣು ಕತ್ತಲೆಗಟ್ಟಿ ಬಿದ್ದಿದ್ದ. ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಇಲ್ಲವೆಂದರು. ಆರು ತಿಂಗಳಿಂದ ಸಂಜೆ ಬಂದವನೇ ದೀಪ ಆರಿಸಿ, ಹೆಬ್ಬೆರಳಿನಿಂದ ಕಣತಲೆ ಒತ್ತಿಕೊಂಡು ಕೂರುತ್ತಾನೆ. ನೋವಿನ ಮಾತ್ರೆ ದಿನವೂ ಬೇಕು. ಸಣ್ಣ ಮಾತಿಗೂ ಸಿಟ್ಟು, ಮರೆವು ಬೇರೆ. ಮುಂದೆ ಇವನಿಗೆ ಮರೆಗುಳಿ ಕಾಯಿಲೆ ಬರುತ್ತದೆಯೇ? ನೆನಪಿನ ಶಕ್ತಿಯ ಮಾತ್ರೆ ಕೊಡಬಹುದೇ?
– ಒಬ್ಬ ತಾಯಿ, ವಾಸ್ಕೋ

ಉತ್ತರ: ತಾಯಿ, ನಿಮ್ಮ ಭಯಕ್ಕೆ ಆಧಾರವಿಲ್ಲವೆಂದು ಹೇಳಲಾರೆ. ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಸಾಮಾನ್ಯ ಜನರೊಂದಿಗೆ ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿತ್ತು. ಆದರೆ ಅದೇ ಅಧ್ಯಯನದಲ್ಲಿ, ಹಾಗೆ ಸತ್ತವರ ಪ್ರಮಾಣ ಆಟಗಾರರಲ್ಲಿ ಶೇ 1.7, ಇತರರಲ್ಲಿ ಶೇ 0.5 ಎಂಬುದನ್ನೂ ಜೊತೆಗೇ ಓದಿಕೊಳ್ಳಬೇಕು. ಅಪಾಯ ಹೆಚ್ಚಿದೆ ಎಂದ ಮಾತ್ರಕ್ಕೆ ಕಾಯಿಲೆ ಬಂದೇ ತೀರುತ್ತದೆ ಎಂದಾಗುವುದಿಲ್ಲ.

ಸಿ.ಟಿ. ಸ್ಕ್ಯಾನ್ ಮುಖ್ಯವಾಗಿ ರಕ್ತಸ್ರಾವವನ್ನೂ ಮೂಳೆಯ ಬಿರುಕನ್ನೂ ತೋರಿಸುತ್ತದೆ. ತಲೆಬುರುಡೆಯೊಳಗೆ ಮಿದುಳು ಅಲುಗಿದಾಗ ಎಳೆತಕ್ಕೆ ಸಿಕ್ಕುವ ನರತಂತುಗಳು ಅದಕ್ಕೆ ಕಾಣುವುದಿಲ್ಲವಾದ್ದರಿಂದ ‘ಏನೂ ಇಲ್ಲ’ ಎಂಬ ವರದಿ ಪೂರ್ತಿ ಸಮಾಧಾನದ ಮಾತಲ್ಲ. ಇನ್ನೊಂದು ಕಡೆ, ಪದೇ ಪದೇ ಪೆಟ್ಟು ತಿಂದವರ ಮಿದುಳಿನಲ್ಲಿ ಟೌ ಎಂಬ ಪ್ರೋಟೀನ್ ಕಟ್ಟಿಕೊಳ್ಳುವ ಸಿ.ಟಿ.ಇ. ಕಾಯಿಲೆಯನ್ನು ಖಚಿತಪಡಿಸುವುದು ಇಂದಿಗೂ ಮರಣಾನಂತರದ ಪರೀಕ್ಷೆಯಲ್ಲಿ ಮಾತ್ರ. ಹೀಗಿರುವಾಗ ನಿಮ್ಮ ಮಗನಿಗೆ ಆ ಹೆಸರನ್ನು ಯಾರೂ ಅಂಟಿಸಬಾರದು.

ನನ್ನ ಗಮನ ಹೋಗಿದ್ದು ಆ ದಿನನಿತ್ಯದ ನೋವಿನ ಮಾತ್ರೆಯ ಮೇಲೆ. ತಿಂಗಳುಗಟ್ಟಲೆ ಅದನ್ನು ನುಂಗಿದರೆ ಅದರಿಂದಲೇ ತಲೆನೋವು ಬೇರೂರಬಹುದು. ಕುತ್ತಿಗೆಯ ಪೆಟ್ಟು, ಮೈಗ್ರೇನ್, ನಿದ್ರೆಗೇಡು, ಖಿನ್ನತೆ ಇವೆಲ್ಲವೂ ನೀವು ಬರೆದಂಥ ಲಕ್ಷಣಗಳನ್ನೇ ತರುತ್ತವೆ, ಮತ್ತು ಇವೆಲ್ಲಕ್ಕೂ ಚಿಕಿತ್ಸೆಯಿದೆ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ನರರೋಗ ವಿಭಾಗಕ್ಕೆ ಕರೆದೊಯ್ಯಿರಿ. ಪೆಟ್ಟು ಬಿದ್ದ ದಿನಗಳನ್ನೂ ನಿದ್ರೆಯ ವೇಳೆಯನ್ನೂ ಮಾತ್ರೆಯ ಲೆಕ್ಕವನ್ನೂ ಹಾಳೆಯೊಂದರಲ್ಲಿ ಬರೆದುಕೊಂಡು ಹೋಗಿ; ತಂಡದಿಂದ ಹೊರಗುಳಿಯುವ ಭಯಕ್ಕೆ ಆಟಗಾರರು ಹೇಳದೇ ಬಿಡುವುದೇ ಹೆಚ್ಚು.

ನೆನಪಿನ ಶಕ್ತಿಯ ಮಾತ್ರೆಗೆ ದುಡ್ಡು ಹಾಕಬೇಡಿ. ಇಂಥ ಪೆಟ್ಟಿನಿಂದ ಮಿದುಳನ್ನು ಕಾಯುತ್ತದೆಂದು ಸಿದ್ಧವಾದ ಮಾತ್ರೆ ಯಾವುದೂ ಇಲ್ಲ. ವೈದ್ಯರು ನೋಡುವವರೆಗೆ ಪಂದ್ಯವೂ ಬೇಡ, ತಲೆಯಿಂದ ಚೆಂಡು ಹೊಡೆಯುವ ಹೆಡಿಂಗೂ ಬೇಡ. ಹಾಗೆಂದು ಮೂಲೆಯಲ್ಲಿ ಕೂರಿಸಲೂಬಾರದು: ಬೈನಾ ಕಡಲತಡಿಯಲ್ಲಿ ಬಿರುಸಿನ ನಡಿಗೆ ನಡೆಯಲಿ, ತಲೆನೋವು ಏರಿದರೆ ನಿಧಾನಿಸಲಿ. ಮುಂದೆ ಆಡಿದರೂ ಅಭ್ಯಾಸದ ಹೆಡಿಂಗ್ ಕಡಿಮೆಯಾಗಬೇಕು. ಇಂಗ್ಲೆಂಡಿನಲ್ಲಿ 2021ರಿಂದ ವೃತ್ತಿಪರರಿಗೇ ಅಭ್ಯಾಸದಲ್ಲಿ ವಾರಕ್ಕೆ ಹತ್ತಕ್ಕಿಂತ ಹೆಚ್ಚು ಬಿರುಸಿನ ಹೆಡಿಂಗ್ ಬೇಡವೆಂದು ಸೂಚಿಸಲಾಗಿದೆ. ತಲೆಗೆ ಪೆಟ್ಟಾಗಿ ಮಂಕಾದರೆ ಆ ದಿನ ಮತ್ತೆ ಮೈದಾನಕ್ಕಿಳಿಯಬಾರದು. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು ಅಥವಾ ಫಿಟ್ಸ್ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಳೆಯ ಪೆಟ್ಟುಗಳನ್ನು ಅಳಿಸಲಾಗದು. ರಕ್ತದೊತ್ತಡ, ಸಕ್ಕರೆ, ಧೂಮಪಾನ, ಪಂದ್ಯದ ನಂತರದ ಕುಡಿತ ಇವು ಮಾತ್ರ ಅವನ ಕೈಯಲ್ಲೇ ಇವೆ, ಮರೆಗುಳಿತನದ ಅಪಾಯವನ್ನು ಇವೂ ಹೆಚ್ಚಿಸುತ್ತವೆ. ಸ್ಕೂಟರ್ ಏರುವಾಗ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದನ್ನೂ ಚಿಕಿತ್ಸೆಯ ಭಾಗವೆಂದೇ ತಿಳಿಯಿರಿ.

ಅವನ ಸಿಟ್ಟಿನ ಹಿಂದೆ ಏನಿದೆಯೆಂದು ಒಮ್ಮೆ ಪಕ್ಕದಲ್ಲಿ ಕೂತು ಕೇಳಿ. ಬದುಕೇ ಬೇಡವೆಂಬ ಮಾತು ಒಂದೇ ಒಂದು ಸಲ ಬಂದರೂ ಅವನನ್ನು ಒಬ್ಬನನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.